ಮುತ್ಯಾನ ಹೆಸರು ಮೊಮ್ಮಗನಿಗೆ ಇಡಬಹುದೇ? ಇಟ್ಟರೆ ದಾಖಲೆಯಲ್ಲಿ ಹೇಗೆ ಬರೆಸಬೇಕು?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ನನ್ನ ತವರು ಹುಮನಾಬಾದ್ ಕಡೆ. ಐದು ತಿಂಗಳ ಹಿಂದೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿತು. ಜನನ ಪ್ರಮಾಣಪತ್ರ ಬಂದಿದೆ, ಅದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆ. ನಮ್ಮ ಮಾವ ಶರಣಪ್ಪ ತೀರಿಹೋಗಿ ಆರು ವರ್ಷವಾಯಿತು. ಅವರ ಹೆಸರನ್ನೇ ಇಡಬೇಕೆಂದು ಅತ್ತೆಯ ಹಟ. ನನ್ನ ಗಂಡ ಬಸವಂತಪ್ಪ, ಅವರಿಗೂ ಅವರ ಮುತ್ಯಾನ ಹೆಸರೇ. ಮಾವ 47ನೇ ವಯಸ್ಸಿಗೇ ಎದೆನೋವಿನಿಂದ ಹೋದರು. 'ಅಲ್ಪಾಯುಷ್ಯದವರ ಹೆಸರು ಕೂಸಿಗೆ ಬ್ಯಾಡ' ಅಂತ ನನ್ನ ತಾಯಿ ಹೆದರಿಸುತ್ತಾಳೆ. ಮೈದುನನ ಮಗನಿಗೆ ಈಗಾಗಲೇ ಶರಣಪ್ಪ ಅಂತ ಇಟ್ಟಿದ್ದಾರೆ. ಅಯ್ಯನವರು ಪುಷ್ಯ ನಕ್ಷತ್ರದ ನಾಲ್ಕನೇ ಪಾದ, 'ಡ' ಅಕ್ಷರ ಬಂದಿದೆ ಅನ್ನುತ್ತಾರೆ. ಇದೆಲ್ಲದರ ಮೇಲೆ, ಹೊಲ ಇನ್ನೂ ಮಾವನ ಹೆಸರಿನಲ್ಲೇ ಇದೆ. 'ಮೊಮ್ಮಗನಿಗೆ ಅದೇ ಹೆಸರು ಇಟ್ಟರೆ ಪಹಣಿ ಬದಲಿಸೋದೇ ಬೇಕಾಗಿಲ್ಲ' ಎಂದು ಊರಿನ ಹಿರಿಯರೊಬ್ಬರು ಹೇಳಿದ್ದಾರೆ. ನನಗೂ ತವರಿನ ಹೆಸರು ಒಂದು, ಮದುವೆಯಲ್ಲಿ ಇಟ್ಟ ಹೆಸರು ಇನ್ನೊಂದು. ಆಸ್ಪತ್ರೆಯಲ್ಲಿ ಗಂಡನ ಮನೆಯ ಹೆಸರು ಬರೆಸಿದ್ದಾರೆ. ಏನು ಮಾಡಲಿ? (ಹೆಸರುಗಳನ್ನು ಬದಲಿಸಲಾಗಿದೆ.)

ಉತ್ತರ:

ಅತ್ತೆಯ ಮಾತನ್ನು ಉಳಿಸಬೇಕು, ತಾಯಿಯ ಭಯವನ್ನೂ ಕಡೆಗಣಿಸಬಾರದು, ನಾಳೆ ಮಗನಿಗೆ ತೊಡಕೂ ಆಗಬಾರದು ಎಂಬುದು ನಿಮ್ಮ ಚಿಂತೆ. ಮೂರೂ ಸಾಧ್ಯ. ಆದರೆ ನಿಮ್ಮ ಪತ್ರದಲ್ಲಿ ನಿಜವಾಗಿ ಎಚ್ಚರ ವಹಿಸಬೇಕಾದ ಸಂಗತಿ ಆಯುಷ್ಯವೂ ಅಲ್ಲ, ನಕ್ಷತ್ರವೂ ಅಲ್ಲ. ಹೊಲದ ಮಾತು ಮತ್ತು ನಿಮ್ಮ ಸ್ವಂತ ಹೆಸರಿನ ಮಾತು. ಇವೆರಡನ್ನೂ ನೀವು ಕೊನೆಗೆ ಬರೆದಿದ್ದೀರಿ. ನಾನು ಅವಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ಭಯದ ಮಾತು ಮುಗಿಸೋಣ. ಹೆಸರಿನ ಜೊತೆ ಆಯುಷ್ಯ ಬರುವುದಿಲ್ಲ. ಈ ಭಾಗದಲ್ಲಿ ಮುತ್ಯಾನ ಹೆಸರು ಮೊಮ್ಮಗನಿಗೆ, ಆಯಿಯ ಹೆಸರು ಮೊಮ್ಮಗಳಿಗೆ ಇಡುವುದು ತಲೆತಲಾಂತರದ ರೂಢಿ. ಹೆಚ್ಚಿನ ಮನೆಗಳಲ್ಲಿ ಹಿರಿಯರು ತೀರಿಕೊಂಡ ಮೇಲೆಯೇ ಅವರ ಹೆಸರು ಇಡುತ್ತಾರೆ, ಬದುಕಿರುವವರ ಹೆಸರು ಇಡುವುದಿಲ್ಲ. ಇದರ ಹಿಂದಿನ ಕಾರಣ ಸರಳ. ಸೊಸೆ ಮಾವನ ಹೆಸರು ಹಿಡಿದು ಕರೆಯುವಂತಿಲ್ಲ. ಮಾವ ಅಂಗಳದಲ್ಲಿ ಕೂತಿರುವಾಗ ಅದೇ ಹೆಸರಿನಿಂದ ಮಗನನ್ನು ಕರೆಯುವುದು, ಬೈಯುವುದು ಹೇಗೆ? ಮಾವ ತೀರಿಕೊಂಡ ಮೇಲೂ ಎಷ್ಟೋ ತಾಯಂದಿರಿಗೆ ಆ ಹೆಸರು ಬಾಯಿಗೆ ಬರುವುದಿಲ್ಲ. ಹಾಗಾಗಿಯೇ ಮುತ್ಯಾನ ಹೆಸರಿನ ಹುಡುಗರನ್ನು ಮನೆಯಲ್ಲಿ 'ಅಪ್ಪ', 'ಯಪ್ಪಾ', 'ಅಪ್ಪು' ಎಂದು ಕರೆಯುವುದು. ರೂಢಿಯ ಬೇರು ಗೌರವದಲ್ಲಿದೆ, ಅಪಶಕುನ ಆಮೇಲೆ ಸೇರಿಕೊಂಡ ಮಾತು.

ಆದರೂ ನಿಮ್ಮ ತಾಯಿಯ ಹೆದರಿಕೆಯಲ್ಲಿ ಒಂದು ಉಪಯುಕ್ತ ಸಂಗತಿ ಅಡಗಿದೆ, ಅದನ್ನು ಬಿಡಬೇಡಿ. ತಂದೆಗಾಗಲಿ ಅಣ್ಣತಮ್ಮನಿಗಾಗಲಿ 55 ವರ್ಷದ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ, ಅದನ್ನು ವೈದ್ಯರು ಅಪಾಯದ ಸೂಚನೆಯೆಂದೇ ಎಣಿಸುತ್ತಾರೆ. ಮಾವನ ಎದೆನೋವು ಹೃದಯಾಘಾತವೇ ಆಗಿದ್ದರೆ ಈ ಮಾತು ನಿಮ್ಮ ಗಂಡನಿಗೂ ಮೈದುನನಿಗೂ ಅನ್ವಯಿಸುತ್ತದೆ, ಅವರಿಗೆ ಯಾರ ಹೆಸರೇ ಇಟ್ಟಿರಲಿ. ಇಬ್ಬರೂ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಲಿ; ತಂದೆ ಯಾವ ವಯಸ್ಸಿಗೆ, ಹೇಗೆ ತೀರಿಕೊಂಡರೆಂದು ವೈದ್ಯರಿಗೆ ಹೇಳಲಿ. ಬೀಡಿ, ಗುಟ್ಕಾ ಇದ್ದರೆ ಬಿಡಲಿ. ಕೂಸಿನ ಹೆಸರು ಬದಲಿಸುವುದಕ್ಕಿಂತ ಕೂಸಿನ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಮುಖ್ಯ.

ನಕ್ಷತ್ರದ ಅಕ್ಷರಕ್ಕೂ ಪೇಚಾಡಬೇಕಿಲ್ಲ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಪುಷ್ಯಕ್ಕೆ ಹು, ಹೆ, ಹೊ, ಡ. 'ಡ'ದಿಂದ ಒಪ್ಪುವ ಹೆಸರು ಹುಡುಕುವುದೇ ಕಷ್ಟ, ಅದು ಅಯ್ಯನವರಿಗೂ ಗೊತ್ತು. ಸಂಪ್ರದಾಯವೇ ಜನ್ಮನಾಮ ಬೇರೆ, ವ್ಯವಹಾರನಾಮ ಬೇರೆ ಎಂದು ದಾರಿ ಬಿಟ್ಟಿದೆ. ಜನ್ಮನಾಮ ಜಾತಕದಲ್ಲಿ, ಸಂಕಲ್ಪದಲ್ಲಿ ಇರಲಿ. ಸರ್ಕಾರಿ ದಾಖಲೆಗೆ ಅದರ ಅಗತ್ಯವಿಲ್ಲ.

ಈಗ ಮುಖ್ಯ ವಿಷಯ. ಮಾವನ ಪೂರ್ತಿ ಹೆಸರು ದಾಖಲೆಯಲ್ಲಿ ಹೇಗಿದೆ? ನಿಮ್ಮ ಗಂಡನಿಗೆ ಅವರ ಮುತ್ಯಾನ ಹೆಸರು ಎಂದಿದ್ದೀರಿ. ಅಂದರೆ ಮಾವ 'ಶರಣಪ್ಪ ತಂದೆ ಬಸವಂತಪ್ಪ ಬಿರಾದಾರ'. ಗಂಡ 'ಬಸವಂತಪ್ಪ ತಂದೆ ಶರಣಪ್ಪ ಬಿರಾದಾರ'. ನಾಳೆ ಮಗ 'ಶರಣಪ್ಪ ತಂದೆ ಬಸವಂತಪ್ಪ ಬಿರಾದಾರ'. (ಅಡ್ಡಹೆಸರು ನೀವು ಬರೆದಿಲ್ಲ, ಉದಾಹರಣೆಗೆ ಹಾಕಿದ್ದೇನೆ.) ನೋಡಿ, ಮುತ್ಯಾ ಮೊಮ್ಮಗ ಇಬ್ಬರದ್ದೂ ಹೆಸರು, ತಂದೆ ಹೆಸರು, ಅಡ್ಡಹೆಸರು, ಊರು ಎಲ್ಲವೂ ಅಕ್ಷರಶಃ ಒಂದೇ. ಹೆಸರು ಒಂದು ತಲೆಮಾರು ಬಿಟ್ಟು ಮರಳುವ ಮನೆಗಳಲ್ಲಿ ಇದು ತಪ್ಪಿದ್ದಲ್ಲ. ಮೈದುನನ ಮಗನ ವಿಷಯದಲ್ಲಿ ಈ ತೊಡಕಿಲ್ಲ, ಏಕೆಂದರೆ ಅವನ ತಂದೆಯ ಹೆಸರು ಬೇರೆ. ಹಿರಿಯ ಮಗನ ಮನೆಯಲ್ಲಿ ಮಾತ್ರ ನಕಲು ಹುಟ್ಟುತ್ತದೆ.

ಅರಸುಮನೆತನಗಳಲ್ಲೂ ಹೀಗೇ ಇತ್ತು. ಇಲ್ಲೇ ಬಸವಕಲ್ಯಾಣದಿಂದ ಆಳಿದ ಚಾಲುಕ್ಯರಲ್ಲಿ ಒಂದನೇ ಸೋಮೇಶ್ವರನ ಮಗ ಆರನೇ ವಿಕ್ರಮಾದಿತ್ಯ (1076–1126), ಅವನ ಮಗನಿಗೆ ಮತ್ತೆ ಸೋಮೇಶ್ವರ ಎಂದೇ ಹೆಸರು. ಮುತ್ಯಾ ಆಹವಮಲ್ಲ, ಮೊಮ್ಮಗ ಭೂಲೋಕಮಲ್ಲ. ಬಿರುದುಗಳು ಬೇರೆಯಾದ್ದರಿಂದ ಶಾಸನಗಳಲ್ಲಿ ಗುರುತು ಉಳಿಯಿತು. ಹಳ್ಳಿಯಲ್ಲೂ ಅದೇ ಜಾಣತನ: ದೊಡ್ಡ ಶರಣಪ್ಪ, ಸಣ್ಣ ಶರಣಪ್ಪ, ಅಗಸಿಮನಿ ಶರಣಪ್ಪ. ಊರಿನವರಿಗೆ ಗೊಂದಲವೇ ಇಲ್ಲ. ಆದರೆ ಈ ಗುರುತು ಪಹಣಿಗೆ ಬರುವುದಿಲ್ಲ, ಬ್ಯಾಂಕಿಗೂ ಬರುವುದಿಲ್ಲ. ಅಲ್ಲಿ ಇರುವುದು ಹೆಸರು, ತಂದೆ ಹೆಸರು, ಊರು, ಅಷ್ಟೇ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ನಿಜಾಮರ ಕಾಲದ ಹಳೆಯ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಒತ್ತಕ್ಷರದ ಗುರುತನ್ನೂ ಬಿಟ್ಟುಬಿಡುವುದೇ ಹೆಚ್ಚು. ಅದನ್ನು ಕನ್ನಡಕ್ಕೆ ಇಳಿಸುವಾಗ ಒಬ್ಬೊಬ್ಬರು ಒಂದೊಂದು ಬಗೆ ಓದಿದರು. ಒಬ್ಬನೇ ಮನುಷ್ಯ ಒಂದು ಸರ್ವೆ ನಂಬರಿನಲ್ಲಿ ಹಣಮಂತ, ಇನ್ನೊಂದರಲ್ಲಿ ಹನುಮಂತಪ್ಪ ಆಗಿರುವುದು ಹೀಗೆ. ಆದ್ದರಿಂದ ಹೆಸರಿನಲ್ಲಿ ಚೂರುಪಾರು ವ್ಯತ್ಯಾಸವಿದ್ದರೆ ಕಚೇರಿಯವರು 'ಇವರೇ ಅವರು' ಎಂದು ತಿಳಿಯುವ ಸಂಭವ ಇಲ್ಲಿ ಹೆಚ್ಚು. ಶರಣಪ್ಪ ಬದಲು 'ಶರಣು' ಎಂದು ಬರೆಸಿದರೆ ನಕಲಿನ ತೊಂದರೆ ತಪ್ಪಿತೆಂದು ತಿಳಿಯಬೇಡಿ.

ಹೊಲದ ಬಗ್ಗೆ ಆ ಹಿರಿಯರು ಹೇಳಿದ್ದು ಪೂರಾ ತಪ್ಪು. ಅದನ್ನು ನಂಬಿ ಕೂತರೆ ಮನೆ ಒಡೆಯುತ್ತದೆ. ತೀರಿಹೋದವರ ಹೆಸರಿನ ಪಹಣಿಯನ್ನು ಅದೇ ಹೆಸರಿನ ಇನ್ನೊಬ್ಬ ತನ್ನದೆಂದು ತೋರಿಸಿ ಸಾಲ ತೆಗೆದರೆ, ಮಾರಿದರೆ, ಅದು ವಂಚನೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ, ಮಾವ ವಿಲ್ ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಯಾರ್ಜಿತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಸಮನಾಗಿ ಹೋಗುತ್ತದೆ: ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಮಾವನ ತಾಯಿ ಇದ್ದರೆ ಅವರೂ. ತಂದೆ ಬದುಕಿರುವಾಗ ಮೊಮ್ಮಗ ಆ ಪಟ್ಟಿಯಲ್ಲಿಲ್ಲ. ಪಿತ್ರಾರ್ಜಿತವಾಗಿದ್ದರೆ ಮೊಮ್ಮಗನಿಗೆ ಹುಟ್ಟಿನಿಂದ ಹಕ್ಕು ಬರಬಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಎರಡರಲ್ಲೂ ಹೆಸರಿಗೆ ಯಾವ ಪಾತ್ರವೂ ಇಲ್ಲ. ಹೆಸರು ಇಟ್ಟ ಮಾತ್ರಕ್ಕೆ ಹೆಚ್ಚು ಪಾಲು ಬರದು, ಇಡದಿದ್ದರೆ ಕಡಿಮೆಯೂ ಆಗದು. ಮೈದುನನ ಮಗನಿಗೆ ಮೊದಲು ಹೆಸರಿಟ್ಟರಲ್ಲ ಎಂಬ ಒಳಗಿನ ಕಸಿವಿಸಿ ನಿಮ್ಮಲ್ಲಿದ್ದರೆ ಅದನ್ನೂ ಬಿಟ್ಟುಬಿಡಿ.

ಆದ್ದರಿಂದ ಪೌತಿ ಖಾತೆಯನ್ನು, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದನ್ನು, ಈಗಲೇ ಮಾಡಿಸಿ. ಮಾವನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್ ಪ್ರತಿ ಬೇಕು. ವಂಶವೃಕ್ಷದಲ್ಲಿ ಗಂಡನ ಅಕ್ಕತಂಗಿಯರ ಹೆಸರು ಬಿಡಬೇಡಿ. ಮದುವೆಯಾಗಿ ಹೋದವರೆಂದು ಬಿಟ್ಟ ಹೆಸರೇ ಮುಂದೆ ತಕರಾರಾಗಿ ಬರುವುದು. ಅರ್ಜಿ ಕೊಟ್ಟ ಮೇಲೆ ಆಕ್ಷೇಪಣೆಗೆ ನೋಟಿಸ್ ಹೊರಡುತ್ತದೆ, ಅವಧಿ ಮುಗಿದ ಮೇಲೆ ಖಾತೆ ಬದಲಾಗುತ್ತದೆ. ಪಹಣಿ ತೀರಿಹೋದವರ ಹೆಸರಿನಲ್ಲೇ ಇದ್ದರೆ ನಿಮ್ಮ ಗಂಡನಿಗೆ ಆ ಹೊಲದ ಮೇಲೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಸಿಗುವುದು, ಬೆಳೆ ಸಾಲ ಸಿಗುವುದು, ತೊಗರಿಯನ್ನು ಬೆಂಬಲ ಬೆಲೆಗೆ ಕೊಡುವುದು ಎಲ್ಲಕ್ಕೂ ಅಡ್ಡಿ. ಪೌತಿ ಆಗಿಬಿಟ್ಟರೆ ಮುತ್ಯಾನ ಹೆಸರು ಚಾಲ್ತಿ ಪಹಣಿಯಿಂದ ಹೊರಗೆ ಬರುತ್ತದೆ. ಮಗ ದೊಡ್ಡವನಾಗುವ ಹೊತ್ತಿಗೆ ಎರಡು ಹೆಸರು ತಗಲಿಕೊಳ್ಳುವ ಸಂದರ್ಭವೇ ಅರ್ಧ ಕಡಿಮೆಯಾಗುತ್ತದೆ.

ಹೆಸರಿನ ಆಯ್ಕೆಗೆ ಬರೋಣ. ಶರಣಪ್ಪ ಎಂದೇ ಇಡಬೇಕೆಂದರೆ ಇಡಿ, ಕಾನೂನಿನ ಅಡ್ಡಿಯಿಲ್ಲ. ಪೌತಿ ಮುಗಿಸಿರಬೇಕು, ಮುತ್ಯಾನ ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ಮಗನ ಕಡತದಲ್ಲಿ ಯಾವಾಗಲೂ ಇರಬೇಕು. ಹೊಲಮನೆ ವ್ಯವಹಾರ, ಹಳೆಯ ಸಾಲದ ಬಾಕಿ, ಸೊಸೈಟಿ ಷೇರು ಇಂಥ ಕಡೆ 'ಆ ಶರಣಪ್ಪ ನಾನಲ್ಲ' ಎಂದು ಅಫಿಡವಿಟ್ ಕೊಡುವ ಪ್ರಸಂಗ ಬರಬಹುದು.

ಆಧುನಿಕ ಹೆಸರೊಂದನ್ನು ಮುಂದಿಟ್ಟು ಮುತ್ಯಾನ ಹೆಸರನ್ನು ನಡುವೆ ಸೇರಿಸುವುದು ಈಗಿನ ಕೆಲವರ ಉಪಾಯ, 'ಆರ್ಯನ್ ಶರಣಪ್ಪ ಬಿರಾದಾರ' ಎಂಬಂತೆ. ಕೇಳಲು ಚೆನ್ನ. ಆದರೆ ನಮ್ಮ ಭಾಗದಲ್ಲಿ ಇದು ಬೇಡವೇ ಬೇಡ. ಇಲ್ಲಿ ನಡುವಿನ ಹೆಸರೆಂದರೆ ತಂದೆಯ ಹೆಸರು, ಮಹಾರಾಷ್ಟ್ರದ ಕಡೆಯೂ ಇದೇ ರೂಢಿ. ಶಾಲೆಯಲ್ಲಿ, ಬ್ಯಾಂಕಿನಲ್ಲಿ ಅರ್ಜಿ ತುಂಬುವವರು ಕಣ್ಣು ಮುಚ್ಚಿ ತಂದೆ ಹೆಸರು ಶರಣಪ್ಪ ಎಂದು ಬರೆಯುತ್ತಾರೆ. ಆಗ ಮಗ ತನ್ನ ತಂದೆಗೆ ತಮ್ಮನಾಗಿ ವಂಶವೃಕ್ಷದಲ್ಲಿ ಕೂರುತ್ತಾನೆ. ಜಾತಿ ಪ್ರಮಾಣಪತ್ರ, 371(ಜೆ) ಅರ್ಹತಾ ಪ್ರಮಾಣಪತ್ರ (ಸಂವಿಧಾನದ ಆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿಗೆ ಬೇಕಾದದ್ದು) ಮಾಡಿಸುವಾಗ ತಂದೆಯ ದಾಖಲೆಗೂ ಮಗನ ದಾಖಲೆಗೂ ಕೊಂಡಿ ತಪ್ಪುತ್ತದೆ. ಮೀಸಲಾತಿಯ ಸೀಟು, ನೌಕರಿಗೆ ಅರ್ಜಿ ಹಾಕುವ ಕೊನೆಯ ದಿನಗಳಲ್ಲಿ ಇದು ಹೊರಬಿದ್ದರೆ ತಿದ್ದಲು ಸಮಯವೇ ಇರುವುದಿಲ್ಲ.

ನನ್ನ ಸಲಹೆ 'ಶರಣಬಸವ'. ಮುತ್ಯಾನ ಶರಣಪ್ಪನೂ ಇದ್ದಾನೆ, ಅವರ ತಂದೆಯ, ನಿಮ್ಮ ಗಂಡನ ಬಸವಂತಪ್ಪನೂ ಇದ್ದಾನೆ. ಕಲಬುರಗಿಯ ಶರಣಬಸವೇಶ್ವರರ ಹೆಸರೂ ಹೌದು. ಈ ಸೀಮೆಯಲ್ಲಿ ಶರಣಪ್ಪ, ಶರಣಮ್ಮ ಎಂಬ ಹೆಸರುಗಳು ಇಷ್ಟೊಂದು ಇರುವುದೇ ಆ ಭಕ್ತಿಯಿಂದ, ಆದ್ದರಿಂದ ಅತ್ತೆ ಇದನ್ನು ಪರಕೀಯವೆಂದು ತಳ್ಳಿಹಾಕಲಾರರು. 'ಶರಣಬಸವ ತಂದೆ ಬಸವಂತಪ್ಪ' ಎಂಬುದನ್ನು ಯಾರೂ 'ಶರಣಪ್ಪ ತಂದೆ ಬಸವಂತಪ್ಪ' ಎಂದು ಓದುವುದಿಲ್ಲ. ಮೈದುನನ ಮಗನಿಂದಲೂ ಬೇರೆಯಾಗುತ್ತದೆ. ಕೊರತೆಯೆಂದರೆ ಜಿಲ್ಲೆಯಲ್ಲಿ ಈ ಹೆಸರಿನವರು ತುಂಬ ಜನ. ತಂದೆ ಹೆಸರು, ಅಡ್ಡಹೆಸರು ಸೇರಿದರೆ ಆ ತೊಂದರೆ ದೊಡ್ಡದಲ್ಲ. ಒಂದೇ ಪದವಾಗಿ ಬರೆಸಿ. 'ಶರಣ ಬಸವ' ಎಂದು ಬಿಡಿಸಿದರೆ ಪಾಸ್‌ಪೋರ್ಟಿನಲ್ಲೋ ಪ್ಯಾನ್‌ನಲ್ಲೋ ಎರಡನೆಯ ಅರ್ಧ ಅಡ್ಡಹೆಸರಿನ ಜಾಗಕ್ಕೆ ಹೋಗಿ ಕೂರುತ್ತದೆ.

ಪೂರಾ ಹೊಸ ಹೆಸರೇ ಬೇಕೆಂದು ನಿಮ್ಮಿಬ್ಬರ ಆಸೆಯಿದ್ದರೆ ಅದಕ್ಕೂ ರೂಢಿಯಲ್ಲೇ ದಾರಿಯಿದೆ. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಅತ್ತಿ ಕಿವಿಯಲ್ಲಿ 'ಕುರ್ರ್' ಅನ್ನುತ್ತ ಒಂದಕ್ಕಿಂತ ಹೆಚ್ಚು ಹೆಸರು ಹೇಳುವುದು ಹಲವು ಮನೆಗಳಲ್ಲಿದೆ. ಮುತ್ಯಾನ ಹೆಸರು ತೊಟ್ಟಿಲ ಹೆಸರಾಗಲಿ, ದಾಖಲೆಗೆ ಬೇರೆ. ಎಚ್ಚರಿಕೆ ಒಂದೇ: ಕರೆಯುವ ಹೆಸರು ಅಂಗನವಾಡಿ ಪುಸ್ತಕಕ್ಕೆ, ಲಸಿಕೆ ಕಾರ್ಡಿಗೆ ನುಸುಳಬಾರದು. ಕಾರ್ಯಕರ್ತೆ ಪರಿಚಯದವರೇ ಆಗಿರುತ್ತಾರೆ, ಕರೆಯುವುದನ್ನೇ ಬರೆದುಕೊಳ್ಳುತ್ತಾರೆ. ನೀವೇ ಪ್ರಮಾಣಪತ್ರ ತೋರಿಸಿ ಬರೆಸಿ. ಅತ್ತೆಗೂ ಮುಚ್ಚಿಡಬೇಡಿ. ಶಾಲೆಗೆ ಸೇರಿಸುವ ದಿನ ಅವರಿಗೆ ಗೊತ್ತಾದರೆ, ತಮ್ಮ ಗಂಡನ ಹೆಸರನ್ನು ಅಡಗಿಸಿದರೆಂಬ ನೋವು ಬಹುಕಾಲ ಉಳಿಯುತ್ತದೆ.

ಯಾವುದನ್ನೇ ಆರಿಸಿ, ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸುವ ಮುನ್ನ ಒಮ್ಮೆಗೇ ತೀರ್ಮಾನ ಮಾಡಿ. ಜನನ ಮರಣ ನೋಂದಣಿ ಕಾಯ್ದೆ 1969ರ 14ನೇ ಕಲಮಿನಡಿ, ಹೆಸರಿಲ್ಲದೆ ನೋಂದಣಿಯಾದ ಮಗುವಿಗೆ ನೋಂದಣಿ ದಿನದಿಂದ 12 ತಿಂಗಳವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ. ನಿಮಗೆ ಇನ್ನೂ ಏಳು ತಿಂಗಳಷ್ಟು ಸಮಯವಿದೆ. ಆದರೆ ಸೇರಿಸುವುದು ಸುಲಭ, ಬದಲಿಸುವುದು ಕಷ್ಟ. 15ನೇ ಕಲಮು ಇರುವುದು ತಪ್ಪಾಗಿ ಬರೆದದ್ದನ್ನು ತಿದ್ದಲು. ಮನಸ್ಸು ಬದಲಾಗಿದೆ, ಬೇರೆ ಹೆಸರು ಬೇಕು ಎಂದು ಹೋದರೆ ಸಾಮಾನ್ಯವಾಗಿ ಕೋರ್ಟಿನ ದಾರಿ ತೋರಿಸುತ್ತಾರೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ: ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಸರ್ಕಾರಿ ನೌಕರಿ ಎಲ್ಲಕ್ಕೂ. ಅದರಲ್ಲಿನ ಒಂದು ಅಕ್ಷರದ ತಪ್ಪು ಇವೆಲ್ಲದರ ಮೇಲೂ ಹರಿಯುತ್ತದೆ.

ಅರ್ಜಿಯನ್ನು ಆಳಂದದಲ್ಲಿ ಕೊಡಲಾಗದು. ಜನನ ಎಲ್ಲಿ ನೋಂದಣಿಯಾಗಿದೆಯೋ ಅಲ್ಲೇ, ಅಂದರೆ ಹುಮನಾಬಾದ್ ಕಡೆ. ಪ್ರಮಾಣಪತ್ರದ ಕೆಳಗೆ ನೋಂದಣಾಧಿಕಾರಿ ಯಾರೆಂದು ಇರುತ್ತದೆ, ಅದನ್ನು ನೋಡಿ ಹೋಗಿ. ಚೊಚ್ಚಿಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಕಡೆಯವರು ಈ ಕಾರಣಕ್ಕೆ ಎರಡೆರಡು ಸಲ ಅಲೆಯುತ್ತಾರೆ. ಮೂಲ ಪ್ರಮಾಣಪತ್ರ, ಇಬ್ಬರ ಆಧಾರ್, ಇಬ್ಬರೂ ಸಹಿ ಮಾಡಿದ ಅರ್ಜಿ ಒಯ್ಯಿರಿ. ಹೆಸರನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದ ಚೀಟಿಯೂ ಜೊತೆಗಿರಲಿ. ಬಾಯಲ್ಲಿ ಹೇಳಿದರೆ ಇಂಗ್ಲಿಷಿನಲ್ಲಿ ಶರಣದ ನಡುವಿನ 'a' ಹಾರಿಹೋಗಿ 'ಶರ್ಣ' ಆಗುವುದು ಇಲ್ಲಿ ಮಾಮೂಲು. ಅಂತಿಮಗೊಳಿಸುವ ಮೊದಲು ಪರದೆಯ ಮೇಲೆ ತೋರಿಸಿ ಎಂದು ಕೇಳಿ, ಎರಡೂ ಭಾಷೆಯಲ್ಲಿ ಓದಿ. ಅಡ್ಡಹೆಸರನ್ನು ಪೂರ್ತಿ ಬರೆಸಿ, ಇನಿಷಿಯಲ್ ಬೇಡ. ಪ್ಯಾನ್ ಕಾರ್ಡಿಗೆ ಮೊದಲ ಮತ್ತು ಕೊನೆಯ ಹೆಸರಿನಲ್ಲಿ ಇನಿಷಿಯಲ್ ಒಪ್ಪುವುದಿಲ್ಲ. ಒಂದೇ ಪದದ ಹೆಸರೂ ಬೇಡ. ಅಡ್ಡಹೆಸರಿನ ಜಾಗ ಖಾಲಿಯಿರುವ ಪಾಸ್‌ಪೋರ್ಟಿನಿಂದ ತೊಂದರೆಯಾಗಬಹುದೆಂಬುದು 2022ರ ನವೆಂಬರಿನಲ್ಲಿ ಯುಎಇ ನಿಯಮ ಬಿಗಿ ಮಾಡಿದಾಗ ದುಬೈಗೆ ಹೋಗುವ ಎಷ್ಟೋ ಜನರಿಗೆ ತಿಳಿಯಿತು.

ಅದೇ ಕಚೇರಿಯಲ್ಲಿ, ಅದೇ ದಿನ, ನಿಮ್ಮ ಹೆಸರನ್ನೂ ಸರಿಪಡಿಸಿಕೊಳ್ಳಿ. ಮದುವೆಯಲ್ಲಿ ಹೆಸರು ಬದಲಿಸುವ ರೂಢಿ ನಮ್ಮ ಮತ್ತು ಮರಾಠಿ ಸೀಮೆಯ ಅನೇಕ ಮನೆಗಳಲ್ಲಿದೆ. ಆದರೆ ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ತವರಿನ ಹೆಸರಿನಲ್ಲೇ ಇದ್ದರೆ, ಮಗುವಿನ ದಾಖಲೆಯಲ್ಲಿ ತಾಯಿಯೆಂದು ಬರೆದ ಹೆಸರಿನ ಹೆಂಗಸು ಕಾಗದದ ಮೇಲೆ ಎಲ್ಲೂ ಇಲ್ಲ. ಮಗನ ಪಾಸ್‌ಪೋರ್ಟಿಗೆ, ಬ್ಯಾಂಕ್ ಖಾತೆಗೆ ನೀವು ತಾಯಿಯೆಂದು ಸಹಿ ಮಾಡುವಾಗ ಇದು ಎದುರಾಗುತ್ತದೆ. ಇದು ಮನಸ್ಸು ಬದಲಾದದ್ದಲ್ಲ, ದಾಖಲೆಯ ತಪ್ಪು, ಆದ್ದರಿಂದ 15ನೇ ಕಲಮಿನಡಿ ತಿದ್ದುಪಡಿ ಕೇಳಬಹುದು. ಆಧಾರ್, ಅಂಕಪಟ್ಟಿ, ಮದುವೆ ನೋಂದಣಿಯಾಗಿದ್ದರೆ ಅದರ ಪ್ರತಿ, ಎರಡೂ ಹೆಸರು ನನ್ನದೇ ಎಂಬ ಅಫಿಡವಿಟ್, ವಿಷಯ ಬಲ್ಲ ಇಬ್ಬರ ಹೇಳಿಕೆ ಸಿದ್ಧವಿಟ್ಟುಕೊಳ್ಳಿ. ಲಗ್ನಪತ್ರಿಕೆಯಲ್ಲಿ ಎರಡೂ ಹೆಸರು ಅಚ್ಚಾಗಿದ್ದರೆ ಅದನ್ನೂ ಜೋಡಿಸಿ. ಹೊಸ ಹೆಸರಿಗೆ ನಿಮ್ಮ ಆಧಾರನ್ನೇ ಬದಲಿಸಿಬಿಡೋಣ ಎಂದು ಗಂಡನ ಮನೆಯವರು ಹೇಳಿಯಾರು, ಒಪ್ಪಬೇಡಿ. ಅಂಕಪಟ್ಟಿಯ ಹೆಸರು ಬದಲಾಗದೆ ಉಳಿದು ನೀವೇ ಇಬ್ಬರಾಗುತ್ತೀರಿ. ಮೇಲಾಗಿ ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಜೀವಮಾನದಲ್ಲಿ ಎರಡೇ ಅವಕಾಶ.

ಮಗುವಿನ ಆಧಾರ್‌ಗೆ ಅವಸರ ಬೇಡ. ಐದು ವರ್ಷದೊಳಗಿನ ಮಕ್ಕಳ ಆಧಾರ್ ಜನನ ಪ್ರಮಾಣಪತ್ರ ನೋಡಿಯೇ ಆಗುತ್ತದೆ. ಹೆಸರು ಸೇರಿ, ತಾಯಿಯ ಹೆಸರು ತಿದ್ದುಪಡಿಯಾಗಿ, ಹೊಸ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದನ್ನೇ ಒಯ್ದು ಮಾಡಿಸಿ. ಹಳೆಯ ಖಾಲಿ ಹೆಸರಿನ ಪ್ರತಿಯ ಮೇಲೆ ಪೆನ್ನಿನಿಂದ ಹೆಸರು ಬರೆದು ಯಾರಿಗೂ ಕೊಡಬೇಡಿ, ಮನೆಯವರೂ ಬರೆಯದಂತೆ ನೋಡಿಕೊಳ್ಳಿ.